ನಿಮ್ಮ ಪೈಲ್ವಾನನಿಗೆ ನೋವೇ ಆಗುವುದಿಲ್ಲವಾ?

ನಮಸ್ಕಾರ,

ನೀವು ಕಳಿಸಿದ ಕುಸ್ತಿ ಕಥೆಯನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕೊನೇವರೆಗೆ ಕಾಯಿಸೋದು ಬೇಡ. ಆದರೆ ಎರಡು ಸಾಲು ಬರೆದು ವಾಪಸ್ ಕಳಿಸುವಂಥ ಕಥೆಯೂ ಇದಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಥೆ ಇಷ್ಟು. ಮೈಸೂರಿನ ಗರಡಿಯ ಹುಡುಗ. ದಸರಾ ಕುಸ್ತಿಗೆ ಜೋಡಿ ಕಟ್ಟಿದೆ, ಅಂದರೆ ಎದುರಾಳಿ ಯಾರು ಅಂತ ಗೊತ್ತಾಗಿದೆ. ಹದಿನೈದು ದಿನ ಮುಂಚೆ ಭುಜಕ್ಕೆ ಪೆಟ್ಟಾಗುತ್ತದೆ, ಯಾರಿಗೂ ಹೇಳುವುದಿಲ್ಲ. ದೊಡ್ಡಕೆರೆ ಮೈದಾನದಲ್ಲಿ, ಪಂದ್ಯದ ನಡುವೆ, ಅದೇ ಭುಜ ಕಳಚಿಕೊಳ್ಳುತ್ತದೆ. ಆದರೂ ಎದುರಾಳಿಯನ್ನು ಎರಡೂ ಕೈಯಲ್ಲಿ ಮೇಲೆತ್ತಿ ಚಿತ್ ಮಾಡುತ್ತಾನೆ. ಜನ ಅವನನ್ನು ಹೊತ್ತು ಕುಣಿಯುತ್ತಾರೆ. ಕುಣಿಯುವಾಗ ಆ ಭುಜ ಏನಾಯಿತೋ ನೀವು ಹೇಳಿಲ್ಲ, ನನಗಂತೂ ಅದೇ ಚಿಂತೆ.

‘ನೋವು ಎಂಬ ಪದ ಅವನ ನಿಘಂಟಿನಲ್ಲೇ ಇರಲಿಲ್ಲ’ ಎಂದು ಬರೆದಿದ್ದೀರಿ. ನಾನು ಹುಡುಗನಾಗಿದ್ದಾಗ ಎಂಟು ತಿಂಗಳು ಗರಡಿಗೆ ಹೋಗಿದ್ದೆ. ಪೈಲ್ವಾನ್ ಆಗಲಿಲ್ಲ, ಅದು ಬೇರೆ ವಿಷಯ. ಅಲ್ಲಿ ದಿನವಿಡೀ ಕಿವಿಗೆ ಬೀಳುತ್ತಿದ್ದದ್ದು ನೋವಿನ ಮಾತೇ. ಉಳುಕಿದೆ, ಹಿಡ್ಕೊಂಡಿದೆ, ಚಳುಕು ಬರ್ತಿದೆ, ಬಾವು ಇಳಿದಿಲ್ಲ, ಜರುಗಿದಂಗಿದೆ. ಒಂದೊಂದಕ್ಕೂ ಬೇರೆ ಬೇರೆ ಅರ್ಥ. ಉಳುಕಿದ್ದರೆ ಎಣ್ಣೆ ಹಾಕಿ ನೀವಿಸಿಕೊಂಡು ಮಾರನೇ ದಿನ ಬಸ್ಕಿ ಹೊಡೆಯಬಹುದು. ಜರುಗಿದ್ದರೆ ಉಸ್ತಾದರು ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಕಣಕ್ಕೆ, ಇಳಿಯೋಕೇ ಬಿಡೋದಿಲ್ಲ. ನಿಮ್ಮ ಹನ್ನೊಂದು ಪುಟದಲ್ಲಿ ಈ ಮಾತುಗಳಲ್ಲಿ ಒಂದೂ ಇಲ್ಲ. ‘ಅಸಹನೀಯ ಯಾತನೆ’ ಮಾತ್ರ ನಾಲ್ಕು ಸಲ ಇದೆ.

ಇನ್ನು ಆ ಭುಜ. ಕೀಲು ತಪ್ಪಿದ ಭುಜ ಹೇಗಿರುತ್ತದೆ ಅಂತ ಯಾರನ್ನಾದರೂ ಕೇಳಿದ್ದೀರಾ? ಭುಜದ ದುಂಡು ಹೋಗಿ ಮೂಲೆ ಮೂಲೆಯಾಗಿ ಕಾಣುತ್ತದೆ. ಆ ಮನುಷ್ಯ ಇನ್ನೊಂದು ಕೈಯಲ್ಲಿ ಮೊಣಕೈಯನ್ನು ಹಿಡಿದುಕೊಂಡು ಬಗ್ಗಿ ನಿಂತಿರುತ್ತಾನೆ. ಒಂದು ಲೋಟ ನೀರು ಎತ್ತೋಕೂ ಆಗೋದಿಲ್ಲ, ಇನ್ನು ಎಂಬತ್ತು ಕಿಲೋ ಆಳನ್ನು ಎತ್ತುವ ಮಾತೆಲ್ಲಿ? ಕುಸ್ತಿ ಗೊತ್ತಿರುವ ಓದುಗ ಆ ಸಾಲಿಗೆ ಪುಸ್ತಕ ಮುಚ್ಚುತ್ತಾನೆ.

ಗಾಯ ಇಟ್ಟುಕೊಂಡು ಆಡಿದವರು ಇಲ್ಲ ಅಂತ ಹೇಳುತ್ತಿಲ್ಲ. ಕುಸ್ತಿಪಟು ಯೋಗೇಶ್ವರ್ ದತ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಒಂದು ಕಣ್ಣು ಊದಿ ಮುಚ್ಚಿಹೋಗಿದ್ದರೂ ಕಂಚು ಗೆದ್ದರು. ಟೋಕಿಯೋದಲ್ಲಿ ಬಾಕ್ಸರ್ ಸತೀಶ್ ಕುಮಾರ್ ಮುಖದ ಮೇಲೆ 13 ಹೊಲಿಗೆ ಇಟ್ಟುಕೊಂಡು ಕ್ವಾರ್ಟರ್ ಫೈನಲ್ ಆಡಿದರು. ಎದುರಿಗಿದ್ದದ್ದು ವಿಶ್ವ ಚಾಂಪಿಯನ್ ಜಲೋಲೋವ್. ಸೋತರು. ಮನೆಯವರು ಬೇಡ ಅಂದಿದ್ದರು ಎಂದು ಆಮೇಲೆ ಅವರೇ ಹೇಳಿಕೊಂಡರು. ನನ್ನ ಮಟ್ಟಿಗೆ ಕಥೆ ಇರುವುದು ಮನೆಯವರ ಆ ‘ಬೇಡ’ ಅನ್ನುವ ಮಾತಿನಲ್ಲಿ. ರಿಂಗಿನಲ್ಲಿ ಆದದ್ದನ್ನು ಟೀವಿಯವರು ಆಗಲೇ ತೋರಿಸಿದ್ದಾರಲ್ಲ.

ನಿಮ್ಮ ಹುಡುಗ ಪೆಟ್ಟನ್ನು ಮುಚ್ಚಿಡುತ್ತಾನೆ ಅಂದಿರಿ. ಒಂದೇ ಸಾಲು: ‘ಅವನು ಯಾರಿಗೂ ಹೇಳಲಿಲ್ಲ.’ ಅಯ್ಯೋ, ಅಲ್ಲೇ ಅಲ್ವಾ ಕಥೆ ಶುರುವಾಗಬೇಕಿದ್ದದ್ದು! ಮುಚ್ಚಿಡೋದು ಅಂದರೆ ಹದಿನೈದು ದಿನದ ಕೆಲಸ. ಉಸ್ತಾದರಿಗೆ ಗೊತ್ತಾದರೆ ಜೋಡಿ ಮುರಿಯುತ್ತದೆ. ಎದುರಾಳಿಗೆ ಗೊತ್ತಾದರೆ ಮೊದಲ ಪಟ್ಟೇ ಆ ಭುಜಕ್ಕೆ ಬೀಳುತ್ತದೆ. ಮನೇಲಿ ಗೊತ್ತಾದರೆ ಗರಡಿಯೇ ಬಂದ್. ಮೂರು ಕಡೆ ಮೂರು ಥರ ನಟಿಸಬೇಕು.

ನಾನು ಗರಡಿಗೆ ಹೋಗುತ್ತಿದ್ದಾಗ ಒಬ್ಬರು ಹಿರಿಯ ಪೈಲ್ವಾನರಿದ್ದರು. ಸಾಮು ಮುಗಿಸಿ, ಮೈಗೆ ಅಂಟಿದ ಮಣ್ಣು ತೊಳೆದು, ಅಂಗಿ ಹಾಕಿಕೊಳ್ಳುವಾಗ ಯಾವಾಗಲೂ ಬಲಗೈಯನ್ನೇ ಮೊದಲು ತೋಳಿಗೆ ತೂರಿಸುತ್ತಿದ್ದರು. ಒಂದು ದಿನ ಎಡಗೈ ಮೊದಲು ಹೋಯಿತು. ಮೆಲ್ಲಗೆ, ಅಂಗಿಯನ್ನೇ ಕೈ ಮೇಲೆ ಎಳೆದುಕೊಂಡ ಹಾಗೆ. ನಮಗ್ಯಾರಿಗೂ ಗೊತ್ತಾಗಲಿಲ್ಲ. ಮೂಲೆಯಲ್ಲಿ ಕೂತು ಬಾದಾಮಿ ಸುಲಿಯುತ್ತಿದ್ದ ಉಸ್ತಾದರು ತಲೆ ಎತ್ತದೆ ಕೇಳಿದರು: “ಯಾವತ್ತಿಂದ?” ಇವರು “ಏನಿಲ್ಲ ಉಸ್ತಾದ್ರೇ” ಅಂದರು. “ಈ ಸಲ ನಿಂಗೆ ಜೋಡಿ ಇಲ್ಲ” ಅಂದರು ಅವರು. ಅಷ್ಟೇ ಮಾತು. ಅಷ್ಟು ದೊಡ್ಡ ಆಳು ನೀರಿನ ತೊಟ್ಟಿ ಹಿಂದೆ ಹೋಗಿ ನಿಂತು ಅತ್ತದ್ದನ್ನು ನಾನು ನೋಡಿದ್ದೇನೆ. ಭುಜ ನೋಯುತ್ತಿತ್ತು ಅಂತ ಅತ್ತದ್ದಲ್ಲ.

ಇದು ನಮ್ಮ ಗರಡಿಯಲ್ಲಿ ಮಾತ್ರ ಅಂದುಕೊಳ್ಳಬೇಡಿ. ಬಾಕ್ಸರ್ ಜೋ ಫ್ರೇಜಿಯರ್ ಗೊತ್ತಲ್ಲ, ಮುಹಮ್ಮದ್ ಅಲಿಗೆ ಸರಿಸಾಟಿಯಾಗಿ ನಿಂತವರು. ತಮ್ಮ ಎಡಗಣ್ಣು ಸರಿಯಾಗಿ ಕಾಣುವುದಿಲ್ಲ ಅನ್ನೋದನ್ನು ಅವರು ವರ್ಷಗಟ್ಟಲೆ ಮುಚ್ಚಿಟ್ಟಿದ್ದರು. 1975ರ ಅಕ್ಟೋಬರ್ 1, ಮನಿಲಾ. ಅಲಿಯ ಏಟಿಗೆ ಬಲಗಣ್ಣೂ ಊದಿಕೊಂಡಿತು. ಈಗ ಏಟು ಎಲ್ಲಿಂದ ಬರುತ್ತಿದೆ ಅಂತಲೇ ಕಾಣುತ್ತಿಲ್ಲ. 14 ಸುತ್ತು ಮುಗಿದಿತ್ತು, ಉಳಿದದ್ದು ಒಂದೇ. ತರಬೇತುದಾರ ಎಡ್ಡಿ ಫಚ್ ಸಾಕು ಅಂದರು. ಫ್ರೇಜಿಯರ್ ಬೇಡ ಬೇಡ ಅಂದರೂ ಕೇಳಲಿಲ್ಲ, ಪಂದ್ಯ ನಿಲ್ಲಿಸಿದರು. ರಿಂಗಿನಲ್ಲಿ ಬಾಕ್ಸರುಗಳು ಸತ್ತದ್ದನ್ನು ಫಚ್ ಕಣ್ಣಾರೆ ಕಂಡಿದ್ದವರು. ನಿಮ್ಮ ಕಥೆಯ ಉಸ್ತಾದರು ಮಾತ್ರ ಹೊರಗೆ ನಿಂತು ‘ಭಲೇ’ ಅನ್ನುತ್ತಾರೆ. ಶಿಷ್ಯನ ಕೈ ಜೋತುಬಿದ್ದದ್ದು ಅವರಿಗೆ ಕಾಣಲೇ ಇಲ್ಲವೇ? ಕಂಡೂ ಸುಮ್ಮನಿದ್ದರೆ ಯಾಕೆ ಅಂತ ಬರೆಯಬೇಕು. ಅದು ಇನ್ನೂ ಗಟ್ಟಿ ಕಥೆ.

ಜಟ್ಟಿ ಕಾಳಗದ ಬಗ್ಗೆಯೂ ಒಂದು ಮಾತು. ನಾಯಕನ ಅಜ್ಜ ಅರಮನೆಯಲ್ಲಿ ವಜ್ರಮುಷ್ಟಿ (ಬೆರಳಿಗೆ ತೊಡುವ ಮೊನಚಾದ ಆಯುಧ) ಹಿಡಿದು ‘ರಕ್ತದ ಹೊಳೆ ಹರಿಸಿದ’ ಎಂದು ಬರೆದಿದ್ದೀರಿ. ವಿಜಯದಶಮಿ ದಿನ ನಡೆಯುವ ಆ ಕಾಳಗ, ಬೋಳಿಸಿದ ತಲೆಯಿಂದ ಮೊದಲ ಹನಿ ರಕ್ತ ಬಂದ ಕೂಡಲೇ ನಿಲ್ಲುತ್ತದೆ. ಎಷ್ಟೋ ಸಲ ನೋಡಲು ಬಂದವರು ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಅಷ್ಟು ಭಯಂಕರ ಆಟಕ್ಕೆ ಒಂದು ಹನಿಯ ಗಡಿ ಹಾಕಿದ್ದಾರೆ ನೋಡಿ. ಹೊಳೆಗಿಂತ ಆ ಹನಿಯೇ ಚೆನ್ನಾಗಿದೆ, ಅದನ್ನೇ ಬಳಸಿ.

ಹಾಗೇ ಮಟ್ಟಿ. ಬೆಳಗ್ಗೆ ಎದ್ದು ಕೆಮ್ಮಣ್ಣನ್ನು ಅಗೆದು, ಹೆಂಟೆ ಒಡೆದು, ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡುವುದು ಯಾಕೆ? ಭಕ್ತಿಗೂ ಹೌದು. ಜತೆಗೆ ಬಿದ್ದವನ ಬೆನ್ನು ಮುರಿಯಬಾರದು ಅಂತ. ಗುದ್ದಲಿ ಹಿಡಿದವನಿಗೆ ಪ್ರತಿ ದಿನ ಬೀಳುವ ಯೋಚನೆ ಇದ್ದೇ ಇರುತ್ತದೆ. ನಿಮ್ಮ ಹುಡುಗ ಒಂದು ಸಲವೂ ಗುದ್ದಲಿ ಮುಟ್ಟುವುದಿಲ್ಲ.

‘ಸತ್ತರೆ ಅಖಾಡದಲ್ಲೇ ಸಾಯಬೇಕು’ ಅನ್ನುವ ಡೈಲಾಗ್ ತೆಗೆದುಬಿಡಿ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಏಟು ತಿಂದು ಬಿದ್ದ ಮೈಸೂರಿನ ಹುಡುಗ ಮತ್ತೆ ಏಳಲಿಲ್ಲ. ಆ ಸುದ್ದಿ ಓದಿದ ಊರಿನವರು ನಿಮ್ಮ ಕಥೆಯನ್ನೂ ಓದುತ್ತಾರೆ.

ಇಷ್ಟೆಲ್ಲ ಬೈದ ಮೇಲೂ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮೂರನೇ ಪುಟದ ನಾಲ್ಕು ಸಾಲಿಗಾಗಿ. ರಾತ್ರಿ ಅವ್ವ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ತರುತ್ತಾಳೆ. “ಎಲ್ಲಿ ನೋಯ್ತದೆ?” ಅನ್ನುತ್ತಾಳೆ. “ಎಲ್ಲೂ ಇಲ್ಲ ಬುಡವ್ವ” ಅನ್ನುತ್ತಾನೆ. ಅವಳು ಏನೂ ಮಾತಾಡದೆ ಗಂಟನ್ನು ತಂದು ಸರಿಯಾಗಿ ಅದೇ ಭುಜದ ಮೇಲೆ ಇಡುತ್ತಾಳೆ. ಇದನ್ನು ಬರೆದವರೇ ಆ ನಿಘಂಟಿನ ಸಾಲನ್ನೂ ಬರೆದರಾ ಅಂತ ನಂಬೋಕೆ ಆಗಲಿಲ್ಲ. ಕಥೆಯನ್ನು ಈ ರಾತ್ರಿಯಿಂದಲೇ ಶುರು ಮಾಡಿ. ಕೊನೆಯ ಪಂದ್ಯ ಬೇಕೇ ಬೇಕು ಅಂತಲೂ ಇಲ್ಲ.

ಹನ್ನೊಂದು ಪುಟ ಆರಕ್ಕೆ ಇಳಿದರೆ ಸಾಕು. ದೀಪಾವಳಿ ಒಳಗೆ ಕಳಿಸಿದರೆ ನಾನೇ ಓದುತ್ತೇನೆ, ಬೇರೆಯವರ ಕೈಗೆ ಹೋಗುವುದಿಲ್ಲ.

ಮತ್ತೆ, ಮೂರನೇ ಪುಟದಲ್ಲಿ ಪೆಟ್ಟಾದದ್ದು ಎಡ ಭುಜಕ್ಕೆ, ಒಂಬತ್ತನೇ ಪುಟದಲ್ಲಿ ಕಳಚಿದ್ದು ಬಲ ಭುಜ. ಯಾವುದು ಅಂತ ಒಂದು ತೀರ್ಮಾನ ಮಾಡಿ.

ಇಂತಿ,
ಸಂಪಾದಕ