ಗೆಳೆಯನ ವಾದ್ಯವೃಂದ ಕೇಳಲು ಹೋದಾಗ

ಪ್ರಶ್ನೆ: ನಾನು ಕೊಪ್ಪಳದಲ್ಲಿ ವಯಲಿನ್ ಹೇಳಿಕೊಡುತ್ತೇನೆ. ಕಳೆದ ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿ ಗೆಳೆಯನ ಗುಂಪಿನ ವಾದ್ಯವೃಂದ ಕಛೇರಿ ಇತ್ತು. 18 ಜನ, ಎಲ್ಲರೂ ನೌಕರಿ, ಅಂಗಡಿ ಅಂತ ಇರುವವರು, ಹವ್ಯಾಸಕ್ಕೆ ನುಡಿಸುವವರು. ಶುರುವಿನಲ್ಲಿ ಚೆನ್ನಾಗಿತ್ತು. ಆಮೇಲೆ ಶ್ರುತಿ ಬಿಟ್ಟಿತು, ಕೊನೆಗೆ ಕಾಲ ಓಡಿತು, ಅಂದರೆ ನುಡಿಸುವ ವೇಗ ತಾನಾಗಿ ಏರಿತು. ನನಗೆ ಕೂರಲು ಆಗಲಿಲ್ಲ. ಮುಗಿದ ಮೇಲೆ ಗೆಳೆಯ "ಹೆಂಗಾತು?" ಅಂದ. "ಚಲೋ ಆತು" ಅಂದು ಬಸ್ ಹಿಡಿದೆ. ಸುಳ್ಳು ಹೇಳಿದೆನಲ್ಲ ಅಂತ ಇನ್ನೂ ಕಾಡುತ್ತಿದೆ. ಪುರಂದರದಾಸರ ಆರಾಧನೆಗೆ ಮತ್ತೆ ಕರೆದಿದ್ದಾನೆ. ಹೇಗೆ ಕೇಳಲಿ, ಏನು ಹೇಳಲಿ?
– ಓದುಗರು, ಕೊಪ್ಪಳ

ಉತ್ತರ: ಖಂಡಿತ ಹೋಗಿ. ನಾನೂ ಆರು ವರ್ಷ ಇಂಥದೇ ಒಂದು ಗುಂಪಿನಲ್ಲಿ ಎರಡನೇ ಸಾಲಿನ ವಯಲಿನ್ ನುಡಿಸಿದವಳು. ಸಂಗೀತ ಬಲ್ಲವರೊಬ್ಬರು ಎದುರಿಗೆ ಕೂತಿದ್ದಾರೆ ಅಂದರೆ ನಮಗೆ ಎಷ್ಟು ಬಲ ಬರುತ್ತಿತ್ತು ಅಂತ ನನಗೆ ಗೊತ್ತು.

ಮೊದಲು ಆ ಶ್ರುತಿಯ ವಿಷಯ. ಏಪ್ರಿಲ್‌ನಲ್ಲಿ ಬಳ್ಳಾರಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಅದರ ಮೇಲೆ ವೇದಿಕೆಯ ದೀಪಗಳ ಕಾವು. ಬಿಸಿಗೆ ವಯಲಿನ್ ತಂತಿ ಹಿಗ್ಗಿ ಸ್ವರ ಇಳಿಯುತ್ತದೆ. ಕೊಳಲೊಳಗಿನ ಗಾಳಿ ಕಾದಷ್ಟೂ ಕೊಳಲು ಏರುತ್ತದೆ. ಮೃದಂಗ, ತಬಲಾದ ಚರ್ಮ ಒಣಗಿ ಬಿಗಿಯಾಗಿ ಅವೂ ಏರುತ್ತವೆ. ಹಾರ್ಮೋನಿಯಂ ಇದ್ದರೆ ಅದನ್ನು ವೇದಿಕೆ ಮೇಲೆ ತಿದ್ದುವಂತಿಲ್ಲ. ಆರು ಗಂಟೆಗೆ ಒಂದೇ ಷಡ್ಜದಲ್ಲಿ, ಅಂದರೆ ಒಂದೇ 'ಸ' ಸ್ವರದಲ್ಲಿ, ಸೇರಿದ್ದ ವಾದ್ಯಗಳು ಏಳು ಗಂಟೆ ಹೊತ್ತಿಗೆ ಮೂರು ದಿಕ್ಕಿಗೆ ಹೋಗಿರುತ್ತವೆ. ನೀವು ಒಬ್ಬರೇ ನುಡಿಸುವಾಗ ಎರಡು ಕೀರ್ತನೆಗಳ ನಡುವೆ ಬಿರಡೆ ತಿರುಗಿಸಿ ಸರಿ ಮಾಡಿಕೊಂಡುಬಿಡುತ್ತೀರಿ, ಆದರೆ 18 ಜನ ಶ್ರುತಿ ಮಾಡಿಕೊಳ್ಳಲು ಕೂತರೆ ಐದು ನಿಮಿಷವಾದರೂ ಬೇಕು, ಅಷ್ಟರಲ್ಲಿ ಜನ ಎದ್ದು ಹೋದರೆ ಅನ್ನುವ ಭಯಕ್ಕೆ ಹಾಗೇ ಮುಂದುವರಿಯುತ್ತಾರೆ. ನಾವೂ ಹಾಗೇ ಮಾಡುತ್ತಿದ್ದೆವು. ಅದು ತಪ್ಪೇ.

ಕಾಲ ಓಡುವುದಕ್ಕೂ ಕಾರಣ ಇರುತ್ತೆ. ವೇದಿಕೆಯ ಒಂದು ತುದಿಯಿಂದ ಹತ್ತು ಮೀಟರ್ ಆಚೆಗೆ ಶಬ್ದ ತಲುಪಲು ಸೆಕೆಂಡಿನ ನೂರರಲ್ಲಿ ಮೂರು ಪಾಲು ಹಿಡಿಯುತ್ತದೆ. ಬರೀ ಕಿವಿ ನಂಬಿದರೆ ಹಿಂದಿನ ಸಾಲು ತಡವಾಗುತ್ತದೆ. ತಡವಾಯಿತು ಅಂತ ಗಾಬರಿಯಾಗಿ ಮುಂದೆ ಓಡುತ್ತದೆ. ಓಡುತ್ತಿರುವಾಗ ಅದು ಗೊತ್ತಾಗುವುದಿಲ್ಲ, ಕೈ ಬಿಸಿಯಾಗಿ ಖುಷಿಯಾಗಿಯೇ ಇರುತ್ತೆ.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕು ಇದೆ. ಬಳ್ಳಾರಿ 1953ರವರೆಗೆ ಮದ್ರಾಸಿನ ಕಡೆ ಇತ್ತು, ಇಲ್ಲಿನ ಕಿವಿಗೆ ಕರ್ನಾಟಕ ಸಂಗೀತ ಚೆನ್ನಾಗಿ ಒಗ್ಗಿದೆ. ರಾಯಚೂರು, ಕೊಪ್ಪಳ ನಿಜಾಮರ ಕಾಲದವು, ಅಲ್ಲಿ ಹಿಂದೂಸ್ತಾನಿ ಜಾಸ್ತಿ. ಗುಂಪಿನಲ್ಲಿ ಇಬ್ಬರೂ ಇದ್ದರೆ ಒಬ್ಬರ ಗಾಂಧಾರ ('ಗ' ಸ್ವರ) ತೂಗುತ್ತದೆ, ಇನ್ನೊಬ್ಬರದು ನೆಟ್ಟಗೆ ನಿಲ್ಲುತ್ತದೆ. ಹಂಸಧ್ವನಿಯಂಥ ಐದು ಸ್ವರದ ರಾಗದಲ್ಲಿ, ಎರಡೂ ಕಡೆಯವರಿಗೆ ಗೊತ್ತಿರುವ ರಾಗದಲ್ಲಿ ಕೂಡ, ಎಲ್ಲರ ಗಮಕ, ಅಂದರೆ ಸ್ವರ ತೂಗುವ ರೀತಿ, ಒಂದಾಗಲು ತಿಂಗಳುಗಟ್ಟಲೆ ಕೂರಬೇಕು. ಆಕಾಶವಾಣಿ 1952ರಲ್ಲಿ ವಾದ್ಯವೃಂದ ಕಟ್ಟಿದಾಗ ಅಲ್ಲಿದ್ದವರು ಅದೇ ಕಸುಬಿನವರು. ನಿಮ್ಮ ಗೆಳೆಯನ ಗುಂಪು ಭಾನುವಾರಗಳನ್ನು ಕೂಡಿಸಿ ಇದನ್ನು ಮಾಡುತ್ತಿದೆ.

ಇನ್ನು ಏನು ಹೇಳಲಿ ಅಂದಿರಿ. ನಮ್ಮದೊಂದು ಕಾರ್ಯಕ್ರಮ ಮುಗಿದ ಮೇಲೆ ನಾನು ಕಮಾನು ಸಡಿಲ ಮಾಡಿ, ತಂತಿ ಮೇಲಿನ ರಾಳದ ಪುಡಿ ಒರೆಸುತ್ತಿದ್ದೆ. ವಯಸ್ಸಾದ ಮೃದಂಗದವರೊಬ್ಬರು ಹತ್ತಿರ ಬಂದರು. ಏನನ್ನುತ್ತಾರೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಕೇಳಿದ್ದು ಇಷ್ಟೇ: "ಅನುಪಲ್ಲವಿ (ಕೀರ್ತನೆಯ ಎರಡನೇ ಭಾಗ) ಎತ್ತುವಾಗ ಎಲ್ಲರ ಕಮಾನು ಒಂದೇ ಕಡೆಗೆ ಹೋಯಿತಲ್ಲಮ್ಮ, ಅದನ್ನು ಹೆಂಗೆ ಕೂಡಿಸಿದ್ರಿ?" ನಮ್ಮಲ್ಲಿ ಒಬ್ಬೊಬ್ಬರು ಕಮಾನು ಒಂದೊಂದು ರೀತಿ ಎಳೆಯುವುದು ರೂಢಿ, ಅದನ್ನು ಒಂದಾಗಿಸಲು ನಾವು ಮೂರು ತಿಂಗಳು ಒದ್ದಾಡಿದ್ದೆವು, ಆ ಸಭೆಯಲ್ಲಿ ಅದು ಕಣ್ಣಿಗೆ ಬಿದ್ದದ್ದು ಅವರೊಬ್ಬರಿಗೆ. ಅರ್ಧ ಗಂಟೆ ಮಾತಾಡಿದೆವು. ಶ್ರುತಿ ಬಿಟ್ಟ ಜಾಗವನ್ನು ಆಮೇಲೆ ನಾನೇ ಬಾಯಿಬಿಟ್ಟು ಹೇಳಿದೆ.

ನೀವೂ ಅಂಥದೊಂದು ಪ್ರಶ್ನೆ ಕೇಳಿ. ನುಡಿಸುವವರಿಗೆ ಮಾತ್ರ ಹೊಳೆಯುವಂಥದು. ಅದಕ್ಕೆ ಕೇಳುವಾಗಲೇ ಹುಡುಕಬೇಕು: ಎರಡನೇ ಸಾಲಿನವರು ಯಾರನ್ನು ನೋಡಿ ಎತ್ತುತ್ತಾರೆ, ಕೊಳಲು ನಿಂತಾಗ ವಯಲಿನ್ ಹೇಗೆ ಒಳಗೆ ಬರುತ್ತದೆ, ತಪ್ಪಿದವರನ್ನು ಮೃದಂಗ ಎಲ್ಲಿ ಹಿಡಿದು ತಂತು. ಶ್ರುತಿ ವಿಷಯ ಮುಚ್ಚಿಡಬೇಡಿ, ಆದರೆ ಆ ರಾತ್ರಿ ಬೇಡ. ಎರಡು ದಿನ ಬಿಟ್ಟು ಫೋನ್ ಮಾಡಿ. ಅದಕ್ಕಿಂತ ಒಳ್ಳೆಯದು, ಆರಾಧನೆಗೆ ಮೊದಲೇ ಒಂದು ದಿನ ಅಭ್ಯಾಸಕ್ಕೆ ಹೋಗಿ ಕೂತುಕೊಳ್ಳಿ. ವಾದ್ಯಗಳನ್ನು ಒಂದು ತಾಸು ಮುಂಚೆ ವೇದಿಕೆಗೆ ತಂದು ಇಡಲು ಹೇಳಿ, ಶ್ರುತಿ ಪೆಟ್ಟಿಗೆ ಹಿಂದಿನ ಸಾಲಿಗೂ ಕೇಳುವಂತಿರಲಿ, ಮಧ್ಯದಲ್ಲಿ ಯಾರಾದರೂ ನಾಲ್ಕು ಮಾತಾಡುವಾಗ ಎಲ್ಲರೂ ಶ್ರುತಿ ನೋಡಿಕೊಳ್ಳಲಿ. ಏಪ್ರಿಲ್‌ನ ಆ "ಚಲೋ ಆತು" ಬಗ್ಗೆಯೂ ಅವನಿಗೆ ಹೇಳಿಬಿಡಿ. ಗೆಳೆಯ ಅಲ್ವಾ, ತಿಳಿದುಕೊಳ್ಳುತ್ತಾನೆ.

ಪ್ರಶ್ನೆ: ಮಗಳು ಕೀಬೋರ್ಡ್ ಕಲಿಯುತ್ತಿದ್ದಾಳೆ. ಬೆಂಗಳೂರಿನಲ್ಲಿ ಹವ್ಯಾಸಿಗಳ ಪಾಶ್ಚಾತ್ಯ ಆರ್ಕೆಸ್ಟ್ರಾ ಕೇಳಲು ಹೋಗುತ್ತಿದ್ದೇವೆ. ಚಪ್ಪಾಳೆ ಯಾವಾಗ ಹೊಡೆಯಬೇಕು?
– ಓದುಗರು, ರಾಯಚೂರು

ಉತ್ತರ: ಸಿಂಫನಿ (ಇಡೀ ಆರ್ಕೆಸ್ಟ್ರಾ ನುಡಿಸುವ ದೊಡ್ಡ ಕೃತಿ) ಆದರೆ ಸಾಮಾನ್ಯವಾಗಿ ನಾಲ್ಕು ಭಾಗ, ಕನ್ಸರ್ಟೋ (ಒಂದು ವಾದ್ಯ ಮುಂದೆ, ಆರ್ಕೆಸ್ಟ್ರಾ ಜೊತೆಗೆ) ಆದರೆ ಮೂರು. ಈಗಿನ ರೂಢಿಯಲ್ಲಿ ಎಲ್ಲ ಭಾಗ ಮುಗಿದ ಮೇಲೆ ಚಪ್ಪಾಳೆ. ಮುಂದೆ ನಿಂತು ಆರ್ಕೆಸ್ಟ್ರಾ ನಡೆಸುವವರು ಕೈ ಇಳಿಸಿ ಸಭೆ ಕಡೆ ತಿರುಗುವವರೆಗೆ ಕಾಯಿರಿ. ಮಧ್ಯದಲ್ಲಿ ಮಗಳು ಹೊಡೆದುಬಿಟ್ಟರೆ ಗದರಬೇಡಿ. 1778ರಲ್ಲಿ ಪ್ಯಾರಿಸ್‌ನಲ್ಲಿ ಜನ ಮಧ್ಯದಲ್ಲೇ ಚಪ್ಪಾಳೆ ಹೊಡೆದರು ಅಂತ ಸಂಗೀತ ರಚನೆಕಾರ ಮೊಜಾರ್ಟ್ ತನ್ನ ಅಪ್ಪನಿಗೆ ಖುಷಿಯಿಂದ ಕಾಗದ ಬರೆದಿದ್ದ. ಸ್ವಲ್ಪ ಬೇಗ ಹೋಗಿ, ಶ್ರುತಿ ಸೇರಿಸುವುದನ್ನು ಮಗಳಿಗೆ ತೋರಿಸಿ. ಓಬೋ ಅನ್ನುವ ಊದುವ ವಾದ್ಯ ಒಂದು ಸ್ವರ ಕೊಡುತ್ತದೆ, ಉಳಿದವರೆಲ್ಲ ಅದಕ್ಕೆ ಸೇರುತ್ತಾರೆ. ಅವಳ ಕೀಬೋರ್ಡಿನಲ್ಲೂ ಆ ಸ್ವರ ಇದೆ, ಮಧ್ಯದ ಸಿ ಮೇಲಿನ ಎ.

ಪ್ರಶ್ನೆ: ತಬಲಾ ಕಲಿಯುತ್ತಿದ್ದೇನೆ. ಕಛೇರಿಯಲ್ಲಿ ಕೂತು ತಾಳ ಹಾಕಬಹುದಾ?
– ಓದುಗರು, ಸಿಂಧನೂರು

ಉತ್ತರ: ಹಾಕಿ, ಸದ್ದಾಗದ ಹಾಗೆ. ಹವ್ಯಾಸಿಗಳ ಕಛೇರಿಯಾದರೆ ಮೊದಲ ಸಾಲಿನಲ್ಲಿ ಮಾತ್ರ ಬೇಡ. ಅವರ ಕಣ್ಣು ನಿಮ್ಮ ಕೈ ಮೇಲೇ ಬೀಳುತ್ತದೆ, ನೀವು ಒಂದು ಮಾತ್ರೆ ತಪ್ಪಿದರೂ ಅವರು ತಡವರಿಸುತ್ತಾರೆ. ನಾಲ್ಕನೇ ಸಾಲಿನಲ್ಲಿ ಕೂತು ತೊಡೆ ಮೇಲೆ ಬೆರಳಲ್ಲಿ ಎಣಿಸಿ.