ಹಳೇ ದೇವಸ್ಥಾನದ ಕಾವಿ ಚಿತ್ರ ಉಳಿಸಿಕೊಂಡು ಪ್ರವಾಸಿಗರನ್ನು ಕರೆಯುವುದು ಹೇಗೆ?

ಹೊನ್ನಾವರದ ಹತ್ತಿರ ನಿಮ್ಮೂರು, ಗೋಡೆ ತುಂಬ ಕೆಂಪು ಚಿತ್ರಗಳಿರುವ ಹಳೇ ದೇವಸ್ಥಾನ. ಪ್ರವಾಸಿಗರು ಬರಲಿ ಅಂತ ದೀಪಾವಳಿಯೊಳಗೆ ಪೇಂಟ್ ಬಳಿಸಿ ಟೈಲ್ಸ್ ಹಾಕಿಸೋಣ ಅನ್ನುತ್ತಿದ್ದಾರೆ ಸಮಿತಿಯವರು, ಹಾಗೆ ಮಾಡಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಪೇಂಟ್ ಕೆಲಸ ನಿಲ್ಲಿಸಿ. ಉಳಿದ ಮಾತೆಲ್ಲ ಆಮೇಲೆ.

ಕುಮಟಾ ಕಡೆಯ ನಮ್ಮೂರಿನಲ್ಲೂ ಇಂಥದೇ ದೇವಸ್ಥಾನ ಇದೆ. ಚಿಕ್ಕವನಿದ್ದಾಗ ಪ್ರದಕ್ಷಿಣೆ ಹಾಕುವಾಗ ಅಜ್ಜಿ ಒಂದೊಂದು ಚಿತ್ರದ ಮುಂದೆ ನಿಂತು ಕತೆ ಹೇಳುತ್ತಿದ್ದಳು. ಗರುಡ, ಆನೆ, ನರಸಿಂಹ. ಜೀರ್ಣೋದ್ಧಾರದ ಹೊತ್ತಿಗೆ ಅದೆಲ್ಲದರ ಮೇಲೆ ಪೇಂಟ್ ಬಳಿದರು. ಚಂದಾ ಕೊಟ್ಟವರಲ್ಲಿ ನಾನೂ ಒಬ್ಬ. ಬೇಡ ಅನ್ನಬೇಕು ಅಂತ ಆಗ ನಮಗ್ಯಾರಿಗೂ ಹೊಳೆಯಲಿಲ್ಲ. ಈಗ ಮಗಳಿಗೆ ತೋರಿಸಲು ಆ ಚಿತ್ರಗಳ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ.

ನಿಮ್ಮ ಗೋಡೆ ಮೇಲಿರುವುದು ಕಾವಿ ಕಲೆ. ಗೋವಾ ಮತ್ತು ನಮ್ಮ ಕರಾವಳಿಯ ಕಡೆಯದು. ಬ್ರಷ್ಷಿನಲ್ಲಿ ಬರೆದದ್ದಲ್ಲ. ಚಿಪ್ಪು ಸುಟ್ಟ ಸುಣ್ಣಕ್ಕೆ ಹೊಳೆ ಮರಳು, ಬೆಲ್ಲ ಸೇರಿಸಿ, ಹಲವು ದಿನ ಕೊಳೆಸಿ, ಕುಟ್ಟಿ ಗಾರೆ ಮಾಡುತ್ತಿದ್ದರು. ಅದನ್ನು ಗೋಡೆಗೆ ಮೆತ್ತಿ ನುಣ್ಣಗೆ ತಿಕ್ಕಿ, ಮೇಲೆ ಕೆಮ್ಮಣ್ಣಿನ ಬಣ್ಣ ಹಚ್ಚಿ, ಹಸಿ ಇರುವಾಗಲೇ ಚೂಪು ಕಬ್ಬಿಣದಿಂದ ಕೆರೆಯುತ್ತಿದ್ದರು. ಕೆರೆದಲ್ಲಿ ಕೆಳಗಿನ ಬಿಳಿ ಕಾಣುತ್ತದೆ. ಕೆಂಪು, ಬಿಳಿ ಎರಡೇ ಬಣ್ಣ. ಗೆರೆ ಗಾರೆಯೊಳಗೇ ಇಳಿದಿರುವುದರಿಂದಲೇ ನಮ್ಮ ಮಳೆಯನ್ನೂ ತಡೆದು ಇಷ್ಟು ಕಾಲ ಉಳಿದಿದೆ. ಹೊನ್ನಾವರದವರೇ ಆದ ಕೃಷ್ಣಾನಂದ ಕಾಮತರು ಇದರ ಫೋಟೋ ತೆಗೆದು, ಇದರ ಬಗ್ಗೆ ಬರೆದು ಜನಕ್ಕೆ ತಿಳಿಸಿದರು. ನಿಮ್ಮ ಸಮಿತಿಯವರಿಗೆ ಈ ಮಾತು ಮೊದಲು ಹೇಳಿ. ನಮ್ಮೂರಿನವರೇ ಬೆಲೆ ಕಟ್ಟಿದ್ದಾರೆ ಅಂದರೆ ಹಿರಿಯರು ಕೇಳುತ್ತಾರೆ.

ಪೇಂಟ್ ಯಾಕೆ ಬೇಡ ಅಂದರೆ, ಚಿರೇಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ಬಿಸಿಲು ಬಂದಾಗ ಆ ತೇವ ಸುಣ್ಣದ ಗಾರೆಯಿಂದಲೇ ಹೊರಗೆ ಹೋಗಬೇಕು. ಪೇಂಟ್, ಸಿಮೆಂಟ್ ಆ ದಾರಿ ಮುಚ್ಚುತ್ತವೆ. ಒಳಗೆ ನಿಂತ ತೇವ, ಉಪ್ಪು ಗಾರೆಯನ್ನು ಉಬ್ಬಿಸಿ ಬೀಳಿಸುತ್ತವೆ. ನಮ್ಮಲ್ಲಿ ಈಗ ಆಗುತ್ತಿರುವುದು ಅದೇ. ಪೇಂಟಿಗೆ ಇಟ್ಟ ದುಡ್ಡಿನಲ್ಲಿ ಒಡೆದ ಹಂಚು ಬದಲಾಯಿಸಿ. ಸೂರಿನ ನೀರು ಗೋಡೆಯ ಬುಡದಲ್ಲಿ ನಿಲ್ಲದ ಹಾಗೆ ಕಾಲುವೆ ಮಾಡಿಸಿ. ಆಮೇಲೆ ಪ್ರತಿ ಚಿತ್ರದ ಪಕ್ಕ ಒಂದು ಅಳತೆ ಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಹಿರಿಯರು ಹೇಳುವ ಕತೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಇದನ್ನು ಮಾತ್ರ ಮುಂದೆ ಹಾಕಬೇಡಿ.

ದೇವಸ್ಥಾನ ಮುಜರಾಯಿಗೆ ಸೇರಿದ್ದರೆ ಅಲ್ಲಿ ವಿಚಾರಿಸಿ. ಹತ್ತಿರದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕ ಇದ್ದರೆ ಅದರ ಸುತ್ತ 100 ಮೀಟರ್ ಒಳಗೆ ಹೊಸದೇನೂ ಕಟ್ಟುವ ಹಾಗಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಲು ಅನುಮತಿ ಬೇಕು. ಪಾರ್ಕಿಂಗ್, ಅಂಗಡಿ ಅಂತ ಹೊರಡುವ ಮೊದಲು ಇದು ಗೊತ್ತಿರಲಿ.

ಇನ್ನು ಪ್ರವಾಸಿಗರು. ಗೋಕರ್ಣ, ಮುರ್ಡೇಶ್ವರಕ್ಕೆ ಬರುವವರು ನಿಮ್ಮೂರಿನ ಪಕ್ಕದಲ್ಲೇ ಹಾದು ಹೋಗುತ್ತಾರೆ, ಅಲ್ವಾ? ಅವರು ಪೇಂಟ್ ನೋಡಿ ಗಾಡಿ ನಿಲ್ಲಿಸುವುದಿಲ್ಲ. ಒಮ್ಮೆ ಮಿರ್ಜಾನ್ ಕೋಟೆಯಲ್ಲಿ ಬೆಳಗಾವಿ ಕಡೆಯ ಒಂದು ಕುಟುಂಬ ಹಸಿರು ಪಾಚಿಯ ಗೋಡೆ ಮುಂದೆ ಸೆಲ್ಫಿ ತೆಗೆದುಕೊಂಡು ಹೊರಟಿತ್ತು. ನಾನು ಸುಮ್ನೆ ಮಾತಿಗೆ ನಿಂತು, ಆ ಕೋಟೆಯ ಜೊತೆ ಹೆಸರು ಸೇರಿಕೊಂಡಿರುವ ರಾಣಿ ಚೆನ್ನಭೈರಾದೇವಿಯ ವಿಷಯ ಹೇಳಿದೆ. ಗೇರುಸೊಪ್ಪೆಯಿಂದ ಆಳಿದವಳು, ಪೋರ್ಚುಗೀಸರ ಬಾಯಲ್ಲಿ ಕಾಳುಮೆಣಸಿನ ರಾಣಿ ಅನ್ನಿಸಿಕೊಂಡವಳು ಅಂದೆ. "ಆ ಗೇರುಸೊಪ್ಪೆ ಎಲ್ಲಿ ಬರ್ತೈತ್ರಿ?" ಎಂದರು. ಶರಾವತಿ ದಡದ ಚತುರ್ಮುಖ ಬಸದಿಗೆ ದಾರಿ ಕೇಳಿಕೊಂಡು, ಊಟ ಮುಗಿಸಿ ಆವತ್ತೇ ಹೊರಟರು.

ನಿಮ್ಮೂರಿನ ನಾಲ್ಕೈದು ಕಾಲೇಜು ಮಕ್ಕಳಿಗೆ ಚಿತ್ರಗಳ ಕತೆ, ಕಾವಿ ಮಾಡುವ ಬಗೆ ಕಲಿಸಿ. ಭಟ್ಟರನ್ನು ಕೇಳಿ ಪೂಜೆ ಇಲ್ಲದ ಹೊತ್ತು ಗೊತ್ತು ಮಾಡಿ. ಒಮ್ಮೆಗೆ ಹತ್ತು ಜನರಿಗಿಂತ ಜಾಸ್ತಿ ಬೇಡ, ಗೋಡೆ ಮುಟ್ಟುವುದು ಬೇಡ. ಬಂದವರಿಗೆ ಯಾವುದಾದರೂ ಮನೆಯಲ್ಲಿ ತಂಬುಳಿ, ಅಪ್ಪೆಹುಳಿಯ ಊಟ ಸಿಗಲಿ. ಆ ಮನೆಗೂ ಆ ಮಕ್ಕಳಿಗೂ ನಾಲ್ಕು ಕಾಸು ಬಂದರೆ, ಮುಂದಿನ ಸಲ ಪೇಂಟ್ ಡಬ್ಬಿ ಬಂದಾಗ ಬೇಡ ಅನ್ನಲು ನೀವೊಬ್ಬರೇ ಇರುವುದಿಲ್ಲ.

ಸಮಿತಿ ಸಭೆ ಯಾವತ್ತು ಅಂತ ತಿಳಿಸಿ. ನಾನು ಬರುತ್ತೇನೆ. ಈಗ ಉಬ್ಬಿ ಬೀಳುತ್ತಿರುವ ನಮ್ಮೂರ ಗೋಡೆಯ ಫೋಟೋಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತರುತ್ತೇನೆ.