‘ಇನ್ನೇನು ಪ್ರಾರ್ಥನೆ ಮಾಡಲಿ?’

ಪ್ರಶ್ನೆ: ನನಗೆ 46 ವರ್ಷ. ದಕ್ಷಿಣ ಕನ್ನಡದ ಕಥೋಲಿಕ ಕುಟುಂಬ. ಸ್ವಂತ ವ್ಯಾಪಾರ. ಚರ್ಚ್ ಪಾಲನಾ ಸಮಿತಿಯಲ್ಲಿದ್ದೇನೆ, ಭಾನುವಾರದ ಪೂಜೆಯಲ್ಲಿ ಬೈಬಲ್ ವಾಚನ ಓದುತ್ತೇನೆ, ಹಬ್ಬಗಳ ಖರ್ಚುವೆಚ್ಚ ನೋಡಿಕೊಳ್ಳುವವನೂ ನಾನೇ. ಕಳೆದ ವರ್ಷ ಮರಿಯಮ್ಮನ ಜನ್ಮದಿನದ, ಹೊಸ ತೆನೆಯ ಹಬ್ಬವಾದ ಮೊಂತಿ ಫೆಸ್ತ್‌ನ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ನಡೆಯುತ್ತಿದ್ದಾಗ ನನ್ನ ಹೆಂಡತಿಗೆ ಎದೆಯಲ್ಲಿ ಗಂಟು ಕಾಣಿಸಿತ್ತಂತೆ. ಅವಳು ತಂಗಿಯನ್ನು ಕರೆದುಕೊಂಡು ಹೋಗಿ ಬಯಾಪ್ಸಿ ಮಾಡಿಸಿಕೊಂಡು ಬಂದಳು. ರಿಪೋರ್ಟ್ ಬಂದು ಒಂದು ವಾರ ಆದಮೇಲೆ ನನಗೆ ಹೇಳಿದಳು. ದೇವರ ದಯೆ, ಏನೂ ಇರಲಿಲ್ಲ. ಯಾಕೆ ಮುಚ್ಚಿಟ್ಟೆ ಅಂತ ಕೇಳಿದ್ದಕ್ಕೆ, ‘ನಿಮಗೆ ಹೇಳಿದ್ದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ನನ್ನ ತಲೆಗೇ ಬರುತ್ತಿತ್ತು’ ಅಂದಳು.

ಆ ಮಾತು ನನ್ನನ್ನು ಅಲ್ಲಾಡಿಸಿಬಿಟ್ಟಿತು. ನಾನು ಎಂಥ ಸ್ವಾರ್ಥಿ ಅಂತ ಆಗ ಗೊತ್ತಾಯಿತು. ಧ್ಯಾನಕೂಟಕ್ಕೆ ಹೋದೆ. ಅಲ್ಲಿ ಎಲ್ಲರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿಕೊಂಡು ಅತ್ತೆ. ಎಷ್ಟೋ ಜನ ಬಂದು ಕೈಹಿಡಿದರು. ನನ್ನ ಸಾಕ್ಷ್ಯದಿಂದ ತಮ್ಮ ಮನಸ್ಸೂ ತಿರುಗಿತು ಅಂದರು. ಈಗ ಶುಕ್ರವಾರ ಉಪವಾಸ ಮಾಡುತ್ತೇನೆ, ದಿನಾ ತೇರ್ಸ್ (ಜಪಮಾಲೆ ಪ್ರಾರ್ಥನೆ) ತಪ್ಪಿಸುವುದಿಲ್ಲ, ತಿಂಗಳಿಗೊಮ್ಮೆ ಪಾಪನಿವೇದನೆ ಮಾಡುತ್ತೇನೆ. ಆದರೆ ಹೆಂಡತಿ ಹಾಗೇ ಇದ್ದಾಳೆ, ಮಾತು ಕಡಿಮೆ. ಮೊನ್ನೆ ಮಗಳು, ‘ಪಪ್ಪಾ, ಈಗಲೂ ಈ ಮನೇಲಿ ನಿಮ್ಮ ಸುದ್ದಿ ಬಿಟ್ಟರೆ ಬೇರೆ ಸುದ್ದಿ ಇಲ್ಲ’ ಅಂದಳು. ನನ್ನ ಸ್ವಾರ್ಥ ಯಾಕೆ ಹೋಗುತ್ತಿಲ್ಲ? ನಾನು ಇನ್ನೇನು ಪ್ರಾರ್ಥನೆ ಮಾಡಲಿ?

ಉತ್ತರ: ನಿಮ್ಮ ಪತ್ರ ಬಂದಾಗ ನಾನು ಮೊದಲು ಕೇಳಿಸಿದ್ದು, ಇದನ್ನು ಪ್ರಕಟಿಸಲು ನಿಮ್ಮ ಪತ್ನಿಯ ಒಪ್ಪಿಗೆ ಇದೆಯಾ ಅಂತ. ನೀವು ಕೇಳಿರಲಿಲ್ಲ. ಆಮೇಲೆ ಕೇಳಿದಿರಿ. ಊರಿನ ಹೆಸರು, ವ್ಯಾಪಾರದ ವಿವರ ತೆಗೆದರೆ ಆಗಬಹುದು ಅಂದರಂತೆ. ಅದರಂತೆ ತೆಗೆದಿದ್ದೇನೆ. ಈಗ ವಿಷಯಕ್ಕೆ ಬರೋಣ. ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪಶ್ಚಾತ್ತಾಪ ಸುಳ್ಳು ಅಂತ ನನಗೆ ಅನ್ನಿಸಿಲ್ಲ. ಅದು ಇನ್ನೂ ಮನೆಗೆ ಬಂದಿಲ್ಲ, ಅಷ್ಟೇ.

ನಿಮ್ಮ ಪತ್ರವನ್ನೇ ಇನ್ನೊಂದು ಸಲ ಓದಿ ನೋಡಿ. ಧ್ಯಾನಕೂಟದ ಬಗ್ಗೆ ಬರೆದಿದ್ದೀರಿ. ಯಾರು ಕೈಹಿಡಿದರು, ಏನು ಅಂದರು ಅನ್ನುವುದೂ ಇದೆ. ಉಪವಾಸ ಯಾವ ವಾರ ಅನ್ನುವುದೂ ಇದೆ. ಪತ್ನಿಯ ಕಾಯಿಲೆಯ ಬಗ್ಗೆ ಇರುವುದು ಒಂದೇ ಸಾಲು: ‘ಏನೂ ಇರಲಿಲ್ಲ.’ ಗಂಟು ಅವರಿಗೆ ಹೇಗೆ ಗೊತ್ತಾಯಿತು? ಸೂಜಿ ಚುಚ್ಚಿದ್ದು ನೋವಾಯಿತಾ? ರಿಪೋರ್ಟ್ ಬರುವ ತನಕ ರಾತ್ರಿ ನಿದ್ದೆ ಬಂತಾ? ಮತ್ತೆ ಯಾವಾಗ ತೋರಿಸಬೇಕು ಅಂತ ಡಾಕ್ಟರ್ ಹೇಳಿದ್ದಾರೆ? ಪತ್ರದಲ್ಲಿ ಇದ್ಯಾವುದೂ ಇಲ್ಲ. ನಿಮಗೆ ಗೊತ್ತಿದ್ದೂ ಬರೆದಿಲ್ಲವೋ, ಕೇಳಿಯೇ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿಲ್ಲ ಅಂತಲೇ ನನ್ನ ಅನುಮಾನ.

ಆ ದಿನಗಳನ್ನು ನಾನು ಊಹಿಸಿಕೊಳ್ಳಬಲ್ಲೆ. ಆಗಸ್ಟ್ 30ಕ್ಕೆ ನೊವೆನಾ ಶುರು. ದಿನಾ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನಿಗೆ ಹಾಕುತ್ತಾರೆ. ಸೆಪ್ಟೆಂಬರ್ 8ಕ್ಕೆ ಕಬ್ಬು ಎಷ್ಟು ತರಿಸಬೇಕು, ತೆನೆಯ ಮೆರವಣಿಗೆ ಎಲ್ಲಿಂದ ಹೊರಡಬೇಕು, ಇದೆಲ್ಲ ನಿಮ್ಮ ತಲೆಯಲ್ಲಿ. ಮನೆಯಲ್ಲಿ ಅವರು ಹೊಸ ಅಕ್ಕಿಗೆ ತೆಂಗಿನ ಹಾಲು ಹಿಂಡಬೇಕು. ಏಳೋ ಒಂಬತ್ತೋ ತರಕಾರಿ ಆಗಬೇಕು, ಕೆಸುವಿನ ದಂಟಿನ ನಾರು ತೆಗೆದು ಇಡಬೇಕು. ಎದೆಯಲ್ಲಿ ಬ್ಯಾಂಡೇಜು ಇಟ್ಟುಕೊಂಡೇ ಇದನ್ನೆಲ್ಲ ಮಾಡಿದ್ದಾರೆ ಅನ್ನಿಸುತ್ತದೆ. ಆಮೇಲೆ ಎಲ್ಲರೂ ಒಟ್ಟಿಗೆ ಕೂತು, ಹಿರಿಯರು ಪ್ರಾರ್ಥನೆ ಹೇಳಿ ಹೊಸತು ಹಂಚಿದಾಗ ನೀವೂ ಆ ಮೇಜಿನಲ್ಲಿ ಇದ್ದಿರಿ. ಆಗ ಅವರ ಮುಖ ನೋಡಿದ್ದು ನೆನಪಿದೆಯಾ?

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ನಿಮಗೆ ಅದು ಹೊಳೆದಿಲ್ಲ ಅಂತ ಕಾಣುತ್ತದೆ. ತುಂಬಿದ ಸಭೆಯಲ್ಲಿ ನೀವು ನಡೆದದ್ದನ್ನೆಲ್ಲ ಹೇಳಿದಿರಿ. ನಡೆದದ್ದು ಯಾರ ಮೈಗೆ? ಗಂಡನಿಗೇ ಹೇಳದೆ ತಂಗಿಯ ಜೊತೆ ಹೋಗಿ ಬಂದವರ ಎದೆಯ ವಿಷಯ ಮೈಕಿನಲ್ಲಿ ಬಂತು. ನಮ್ಮ ಕಡೆ ಇಂಥ ಸುದ್ದಿ ಒಂದು ವಾಳೆಯಿಂದ (ಚರ್ಚಿನ ವಾರ್ಡು) ಇನ್ನೊಂದಕ್ಕೆ ಎಷ್ಟು ಬೇಗ ಹೋಗುತ್ತದೆ ಅಂತ ನಿಮಗೇ ಗೊತ್ತು. ಮುಂದಿನ ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದಾಗ ಎಷ್ಟು ಜನ ಹೆಂಗಸರು ಅವರನ್ನು ಪಾಪ ಅನ್ನುವ ಹಾಗೆ ನೋಡಿರಬಹುದು! ಅವರ ಮಾತು ಕಡಿಮೆಯಾಗಿದ್ದಕ್ಕೆ ಕಾರಣ ಹುಡುಕುತ್ತಿದ್ದೀರಿ. ಇಲ್ಲಿಂದ ಶುರು ಮಾಡಿ. ಮೊದಲು ಕ್ಷಮೆ ಕೇಳಬೇಕಾದ್ದು ಇದಕ್ಕೆ. ಆ ಸಾಕ್ಷ್ಯವನ್ನು ಇನ್ನು ಎಲ್ಲೂ ಹೇಳಬೇಡಿ, ಯಾರು ಎಷ್ಟೇ ಒತ್ತಾಯ ಮಾಡಿದರೂ.

ಯಾಕೆ ಹೀಗಾಗುತ್ತದೆ? ನಮ್ಮ ಧರ್ಮದಲ್ಲಿ ಇದಕ್ಕೆ ಹಳೆಯ ವಿವರಣೆ ಇದೆ. 1515–16ರಲ್ಲಿ ವಿಟ್ಟನ್‌ಬರ್ಗ್‌ನಲ್ಲಿ ಮಾರ್ಟಿನ್ ಲೂಥರ್, ಮುಂದೆ ಪ್ರೊಟೆಸ್ಟೆಂಟ್ ಪಂಥಕ್ಕೆ ಕಾರಣರಾದವರು, ಸಂತ ಪೌಲರು ರೋಮನರಿಗೆ ಬರೆದ ಪತ್ರದ ಪಾಠ ಮಾಡುತ್ತಿದ್ದರು. ಆಗಿನ್ನೂ ಅವರು ಕಥೋಲಿಕ ಸನ್ಯಾಸಿ. ಮನುಷ್ಯ ತನ್ನೊಳಗೇ ಬಾಗಿಕೊಂಡಿದ್ದಾನೆ, ದೇವರು ಕೊಟ್ಟ ಒಳ್ಳೆಯದನ್ನೂ, ಕೊನೆಗೆ ದೇವರನ್ನೂ ತನ್ನ ಕಡೆಗೇ ತಿರುಗಿಸಿಕೊಳ್ಳುತ್ತಾನೆ ಅಂದರು. ಈ ವಿಚಾರದ ಬೇರು ಸಂತ ಆಗಸ್ಟಿನರಲ್ಲಿದೆ. ನಿಮ್ಮ ವಿಷಯದಲ್ಲಿ ಆಗಿದ್ದೂ ಇದೇ. ಮೊದಲು ನಿಮ್ಮ ಸೇವೆ ನಿಮ್ಮ ಸುತ್ತ ತಿರುಗುತ್ತಿತ್ತು. ಈಗ ನಿಮ್ಮ ಪಾಪ ನಿಮ್ಮ ಸುತ್ತ ತಿರುಗುತ್ತಿದೆ. ನಾನು ದೊಡ್ಡ ಸೇವಕ ಅನ್ನುವುದು ಹೋಗಿ ನಾನು ದೊಡ್ಡ ಪಾಪಿ ಅನ್ನುವುದು ಬಂತು. ಎರಡರಲ್ಲೂ ಪತ್ನಿಗೆ ಜಾಗ ಇಲ್ಲ. ಮಗಳು ಹೇಳಿದ್ದು ಇದನ್ನೇ ಅಲ್ವಾ? ನಿಮ್ಮ ಮಗಳು ಚುರುಕು.

ಲೂಕನ ಶುಭಸಂದೇಶದ 18ನೇ ಅಧ್ಯಾಯದ ಸಾಮತಿ, ಅಂದರೆ ನೀತಿಕಥೆ, ನಿಮಗೆ ಬಾಯಿಪಾಠ ಇರಬಹುದು: ದೇವಾಲಯಕ್ಕೆ ಪ್ರಾರ್ಥನೆಗೆ ಬಂದ ಇಬ್ಬರು, ಧರ್ಮನಿಯಮ ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಥದ ಫರಿಸಾಯ ಮತ್ತು ಜನ ಪಾಪಿ ಅಂತ ದೂರವಿಟ್ಟ ಸುಂಕದವನು. ಫರಿಸಾಯ ಸುಳ್ಳುಗಾರ ಅಲ್ಲ. ವಾರಕ್ಕೆ ಎರಡು ದಿನ ನಿಜವಾಗಿಯೂ ಉಪವಾಸ ಮಾಡುತ್ತಿದ್ದ, ಗಳಿಸಿದ್ದರಲ್ಲಿ ಹತ್ತರಲ್ಲೊಂದು ಪಾಲು ಕೊಡುತ್ತಿದ್ದ. ನಾವು ಸುಂಕದವನ ಕಣ್ಣೀರನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. ಅವನು ಅತ್ತ ಅಂತ ಅಲ್ಲಿ ಬರೆದೇ ಇಲ್ಲ. ದೂರ ನಿಂತು, ಎದೆ ಬಡಿದುಕೊಂಡು, ದೇವರೇ ಪಾಪಿಯಾದ ನನಗೆ ದಯೆ ತೋರು ಅಂದ. ಪ್ರಾರ್ಥನೆ ಅಷ್ಟೇ, ಒಂದು ವಾಕ್ಯ. ಆಮೇಲೆ ಅವನು ದೇವರ ಮುಂದೆ ನೀತಿವಂತನಾಗಿ ಮನೆಗೆ ಹೋದ ಅಂತ ಯೇಸುಸ್ವಾಮಿ ಹೇಳುತ್ತಾರೆ. ದೇವಾಲಯದಲ್ಲಿ ಉಳಿದುಕೊಳ್ಳಲಿಲ್ಲ. ಯಾರಿಗೂ ಹೇಳುತ್ತಾ ಕೂರಲಿಲ್ಲ. ಮನೆಗೆ ಹೋದ.

ಈಗ ನಿಮ್ಮ ಪ್ರಶ್ನೆ. ಇನ್ನೇನು ಪ್ರಾರ್ಥನೆ ಮಾಡಲಿ ಅಂತ ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಕೊನೆಯ ಭೋಜನದ ದಿನ ಯೇಸುವಿನ ಶಿಷ್ಯ ಪೇತ್ರ ಬೇರೆ ರೀತಿಯಲ್ಲಿ ಕೇಳಿದ್ದ. ಯೊವಾನ್ನನ ಶುಭಸಂದೇಶ, 13ನೇ ಅಧ್ಯಾಯ. ಯೇಸು ಸೊಂಟಕ್ಕೆ ಟವೆಲು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತಾ ಬರುತ್ತಾರೆ. ಪೇತ್ರ ಮೊದಲು, ನೀವು ನನ್ನ ಕಾಲು ತೊಳೆಯುವುದೇ, ಎಂದಿಗೂ ಆಗದು ಅಂತಾನೆ. ನಾನು ತೊಳೆಯದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಅಂದಾಗ ಪೂರ್ತಿ ಉಲ್ಟಾ. ಹಾಗಾದರೆ ಕಾಲು ಮಾತ್ರ ಯಾಕೆ, ಕೈ ತೊಳೆಯಿರಿ, ತಲೆಯನ್ನೂ ತೊಳೆಯಿರಿ ಅಂತಾನೆ! ಎರಡು ಸಲವೂ ಅವನದೇ ಗಲಾಟೆ. ಉಳಿದವರೆಲ್ಲ ಸುಮ್ನೆ ಕೂತು ತೊಳೆಸಿಕೊಳ್ಳುತ್ತಿದ್ದಾರೆ. ಸ್ನಾನ ಮಾಡಿದವನಿಗೆ ಕಾಲು ತೊಳೆದರೆ ಸಾಕು ಅಂತಾರೆ ಯೇಸು. ಬೈಯಲಿಲ್ಲ, ಅವನು ಕೇಳಿದ್ದನ್ನು ಕೊಡಲೂ ಇಲ್ಲ. ನೀವು ಪಾಪನಿವೇದನೆ ಮಾಡಿದ್ದೀರಿ. ಪಾಪ ಕ್ಷಮಿಸಲಾಗಿದೆ. ಅದನ್ನು ನಂಬುತ್ತೀರಿ ತಾನೆ? ನಂಬುವುದಾದರೆ ಕೈ, ತಲೆ ಅಂತ ಮತ್ತೆ ಮತ್ತೆ ಹೊಸ ಪ್ರಾರ್ಥನೆ ಹುಡುಕಬೇಡಿ. ಅದೇ ಅಧ್ಯಾಯದಲ್ಲಿ ಮುಂದೆ ಯೇಸು ಹೇಳುವುದು, ನೀವೂ ಒಬ್ಬರು ಇನ್ನೊಬ್ಬರ ಕಾಲು ತೊಳೆಯಬೇಕು ಅಂತ. ಪವಿತ್ರ ಗುರುವಾರ ಚರ್ಚಿನಲ್ಲಿ ಫಾದರ್ ಕಾಲು ತೊಳೆಯುವ ಹನ್ನೆರಡು ಜನರಲ್ಲಿ ನೀವೂ ಎಂದಾದರೂ ಕೂತಿರಬಹುದು. ಆ ದಿನ ತೊಳೆಸಿಕೊಂಡಿದ್ದು ಆಯಿತು. ಮುಂದಿನ ಕೆಲಸ ಮನೆಯಲ್ಲಿದೆ.

ಸ್ವಾರ್ಥವನ್ನು ಹಲ್ಲು ಕಚ್ಚಿ ಕಿತ್ತುಹಾಕಲು ಹೊರಟರೆ ಆಗುವುದಿಲ್ಲ. ಕಿತ್ತಿತಾ ಇಲ್ಲವಾ ಅಂತ ನೋಡುವುದಕ್ಕೆ ಮತ್ತೆ ನಮ್ಮನ್ನೇ ನೋಡಿಕೊಳ್ಳಬೇಕಲ್ಲ. ಇಲ್ಲಿ ನನಗೆ ವಿಶ್ವಾಸದ ಬಲ ದೊಡ್ಡದು ಅನ್ನಿಸುತ್ತದೆ. ನಿಮ್ಮನ್ನು ಪ್ರೀತಿಸುವ ದೇವರು ನಿಮ್ಮ ಹಬ್ಬದ ಲೆಕ್ಕ ಸರಿ ಇದೆ ಅಂತ ಪ್ರೀತಿಸಿದ್ದಲ್ಲ, ಚೆನ್ನಾಗಿ ಅತ್ತಿರಿ ಅಂತಲೂ ಅಲ್ಲ. ಸಂತ ಪೌಲರು ಸೆರೆಯಲ್ಲಿ ಕೂತು ಫಿಲಿಪ್ಪಿಯರಿಗೆ ಬರೆದರು: ಪ್ರತಿಯೊಬ್ಬರೂ ಸ್ವಂತ ಹಿತವನ್ನಷ್ಟೇ ಅಲ್ಲ, ಬೇರೆಯವರ ಹಿತವನ್ನೂ ನೋಡಿ ಅಂತ. ಅದರ ಬೆನ್ನಿಗೇ, ಕ್ರಿಸ್ತರು ತಮ್ಮನ್ನು ಬರಿದು ಮಾಡಿಕೊಂಡು ಸೇವಕನ ರೂಪ ತಾಳಿದರು ಅನ್ನುತ್ತಾರೆ. ನಿಮ್ಮ ಬೆಲೆಯನ್ನು ನೀವೇ ಕಾಯಬೇಕಾಗಿಲ್ಲ. ಆ ಕೆಲಸ ಇನ್ನೊಬ್ಬರು ವಹಿಸಿಕೊಂಡಿದ್ದಾರೆ. ಇದು ಒಳಗೆ ಇಳಿದರೆ ಕೈ ಖಾಲಿಯಾಗುತ್ತದೆ, ಪಕ್ಕದವರ ಕಡೆ ನೋಡಲು ಪುರುಸೊತ್ತು ಸಿಗುತ್ತದೆ.

ಇನ್ನು ಏನು ಮಾಡಬೇಕು ಅಂತ. ಕ್ಷಮೆ ಕೇಳುವಾಗ ಮಾತು ಚಿಕ್ಕದಾಗಿರಲಿ. ‘ನಿನ್ನ ವಿಷಯವನ್ನು ನಿನ್ನ ಕೇಳದೆ ಎಲ್ಲರ ಮುಂದೆ ಹೇಳಿದೆ. ತಪ್ಪಾಯಿತು. ಇನ್ನು ಹೇಳುವುದಿಲ್ಲ.’ ಇಷ್ಟು ಸಾಕು. ‘ನಾನು ಎಂಥ ಪಾಪಿ’ ಅಂತ ಶುರು ಮಾಡಿದರೆ ಮತ್ತೆ ಅವರೇ ನಿಮ್ಮ ಕಣ್ಣೀರು ಒರೆಸಬೇಕಾಗುತ್ತದೆ. ಕ್ಷಮಿಸಿದೆಯಾ ಅಂತ ಆವತ್ತೇ ಕೇಳಬೇಡಿ. ಲೂಕನ ಶುಭಸಂದೇಶದಲ್ಲಿ ಬರುವ ಸುಂಕದ ಮುಖ್ಯಸ್ಥ ಜಕ್ಕಾಯನನ್ನು ನೋಡಿ. ಅವನು ತನ್ನ ಮನಸ್ಸಿನ ಸ್ಥಿತಿ ಹೇಳಿಕೊಳ್ಳಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕು ಪಟ್ಟು ವಾಪಸ್ ಅಂದ. ನಿರ್ದಿಷ್ಟವಾಗಿ ಯಾರಿಗೆ ಏನು ಬಾಕಿ ಅಂತ ಅವನಿಗೆ ಗೊತ್ತಿತ್ತು.

ಆಮೇಲೆ ಬೇರೆ ಒಂದು ದಿನ, ಇಬ್ಬರೇ ಇದ್ದಾಗ, ‘ಆಸ್ಪತ್ರೆಯಲ್ಲಿ ಆವತ್ತು ಹೇಗಾಯಿತು?’ ಅಂತ ಕೇಳಿ. ಕೇಳಿ ಸುಮ್ಮನಿರಿ. ‘ನನಗೂ ಒಂದು ಸಲ...’ ಅನ್ನುವುದು ಬಾಯಿಗೆ ಬಂದರೆ ನುಂಗಿಕೊಳ್ಳಿ. ಅವರು ‘ಈಗ ಯಾಕೆ ಅದು’ ಅಂದರೆ ಬಿಟ್ಟುಬಿಡಿ. ಇಷ್ಟು ವರ್ಷ ಕೇಳದವರು ಒಂದು ಸಂಜೆ ಕೇಳಿದ ತಕ್ಷಣ ಮನಸ್ಸು ಬಿಚ್ಚಲೇಬೇಕು ಅಂತ ಕಾನೂನಿಲ್ಲ.

ಸಮಿತಿಗೆ ರಾಜೀನಾಮೆ ಕೊಡಬೇಕಾ? ಬೇಡ. ಕೊಟ್ಟರೆ ಅದೂ ಒಂದು ಸುದ್ದಿಯಾಗುತ್ತದೆ, ಫಾದರ್ ಬಂದು ನಿಮ್ಮನ್ನು ಒಪ್ಪಿಸಬೇಕಾಗುತ್ತದೆ. ಅವಧಿ ಮುಗಿಯಲಿ. ವಾಚನ ಮಾತ್ರ ಸ್ವಲ್ಪ ಸಮಯ ಯಾರಾದರೂ ಹುಡುಗರಿಗೆ ಬಿಟ್ಟುಕೊಟ್ಟು, ನೀವು ಪತ್ನಿಯ ಪಕ್ಕ ಕೂತು ಪೂಜೆ ಕೇಳಿ. ಸೇವೆ ಮಾಡಲೇಬೇಕು ಅನ್ನಿಸಿದರೆ, ಸ್ವಲ್ಪ ತಿಂಗಳು ಕಳೆದ ಮೇಲೆ, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರ ಜೊತೆ ಹೋಗಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಓಝನಾಮ್ ಮತ್ತು ಗೆಳೆಯರು ಇದನ್ನು ಕಟ್ಟಿದಾಗ ಓಝನಾಮ್‌ಗೆ ಇಪ್ಪತ್ತು ವರ್ಷ, ಇನ್ನೂ ವಿದ್ಯಾರ್ಥಿ. ಬಡವರ ಮನೆಗೇ ಹೋಗಿ, ಕೂತು, ಅವರ ಕಷ್ಟ ಕೇಳುವುದು ಅವರ ಪದ್ಧತಿ. ಅಲ್ಲಿ ಫೋಟೋ ಇಲ್ಲ, ವೇದಿಕೆ ಇಲ್ಲ. ಎಡಗೈಗೆ ಗೊತ್ತಾಗದ ಹಾಗೆ ಬಲಗೈ ಕೊಡಲಿ ಅಂತ ಮತ್ತಾಯನ ಶುಭಸಂದೇಶದಲ್ಲಿ ಇದೆಯಲ್ಲ, ಅದು ಅಲ್ಲಿ ಕೈಗೆ ಅಭ್ಯಾಸವಾಗುತ್ತದೆ. ಆದರೆ ಮನೆ ಮೊದಲು. ಹೊರಗಿನ ಬಡವರ ಸಂಕಟ ಕೇಳುವ ನೆಪದಲ್ಲಿ ಮತ್ತೆ ಮನೆಯಿಂದ ತಪ್ಪಿಸಿಕೊಂಡು ಹೋಗಬೇಡಿ.

ರಾತ್ರಿ ತೇರ್ಸ್ ಆದಮೇಲೆ ಐದು ನಿಮಿಷ ಆತ್ಮಪರಿಶೋಧನೆ ಮಾಡುವ ರೂಢಿ ಇದ್ದರೆ ಅದರಲ್ಲಿ ಒಂದು ಬದಲಾವಣೆ ಮಾಡಿ. ಸಂತ ಇಗ್ನಾಷಿಯಸ್ ಲೊಯೋಲಾ ಹೇಳಿಕೊಟ್ಟ ಪರಿಶೋಧನೆ ಪಾಪದ ಪಟ್ಟಿಯಿಂದ ಶುರುವಾಗುವುದಿಲ್ಲ. ಮೊದಲ ಹೆಜ್ಜೆ ಕೃತಜ್ಞತೆ. ಇವತ್ತು ಯಾರಿಂದ ನನಗೆ ಏನು ಸಿಕ್ಕಿತು ಅಂತ ನೋಡಿ. ಬೆಳಗ್ಗಿನ ಕಾಫಿ, ಇಸ್ತ್ರಿ ಮಾಡಿಟ್ಟ ಅಂಗಿ, ಅಂಗಡಿಯ ಹುಡುಗ ಊಟ ಬಿಟ್ಟು ಇಳಿಸಿದ ಲೋಡು. ಹೆಸರು ಹಿಡಿದು ಅವರಿಗಾಗಿ ಪ್ರಾರ್ಥಿಸಿ. ನಿಮ್ಮ ಸರದಿ ಕೊನೆಗೆ ಬರಲಿ.

ನಡುವೆ ಒಂದು ಮಾತು, ಇದನ್ನು ಓದುತ್ತಿರುವ ಹೆಂಗಸರಿಗೆ. ನಿನ್ನನ್ನು ನೀನು ಮರೆತುಬಿಡು ಅನ್ನುವ ಉಪದೇಶವನ್ನು ನಮ್ಮ ಮನೆಗಳಲ್ಲಿ ಜಾಸ್ತಿ ಕೇಳಿಸಿಕೊಂಡವರು ನೀವೇ. ಎಲ್ಲರದೂ ಆದಮೇಲೆ ತಣ್ಣಗಾದ ಅನ್ನ ತಿನ್ನುವವರಿಗೆ ನಾನು ಈ ಪತ್ರ ಬರೆದಿಲ್ಲ. ಎದೆಯಲ್ಲಿ ಗಂಟು ಕಂಡರೆ ಹಬ್ಬ ಮುಗಿಯಲಿ ಅಂತ ಕಾಯಬೇಡಿ. ಈ ಪತ್ರದ ಅಕ್ಕ ಕಾಯಲಿಲ್ಲ, ಒಳ್ಳೆಯದೇ ಮಾಡಿದರು.

ನೀವು ಮಾಡಿದ್ದಕ್ಕೆಲ್ಲ ಪತ್ನಿ ಕರಗುತ್ತಾರೆ ಅಂತ ನಾನು ಮಾತು ಕೊಡಲಾರೆ. ಕರಗಲಿ ಅಂತ ಮಾಡಿದರೆ ಅದೂ ವ್ಯಾಪಾರವೇ. ವರ್ಷ ಕಳೆದರೂ ಮನೆ ಬಿಗುವಾಗಿಯೇ ಇದ್ದರೆ, ಅವರು ಒಪ್ಪಿದರೆ ಇಬ್ಬರೂ ಸೇರಿ ಒಬ್ಬ ಕುಟುಂಬ ಆಪ್ತಸಲಹೆಗಾರರನ್ನು ನೋಡಿ. ಬಹಳ ಧರ್ಮಪ್ರಾಂತ್ಯಗಳಲ್ಲಿ ಕುಟುಂಬ ಆಯೋಗ ಇರುತ್ತದೆ, ಧರ್ಮಕೇಂದ್ರದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ಈ ವಾರದ ಕೆಲಸ ಮಾತ್ರ ಒಂದೇ. ಮುಂದಿನ ತಪಾಸಣೆ ಯಾವತ್ತು ಅಂತ ಕೇಳಿ ತಿಳಿದುಕೊಳ್ಳಿ. ‘ನಾನು ಬರಲಾ, ತಂಗಿಯೇ ಬರಲಾ?’ ಅಂತ ಅವರನ್ನೇ ಕೇಳಿ. ತಂಗಿಯೇ ಬರಲಿ ಅಂದರೆ ಮುಖ ಸಣ್ಣ ಮಾಡಬೇಡಿ. ಆವತ್ತು ಅಂಗಡಿಯಿಂದ ಬೇಗ ಬಂದು ಅಡುಗೆ ಮಾಡಿಡಿ.